ಎಡಕ್ಕೆ ಕ್ಯಾಬೇಜು, ಬಲಕ್ಕೆ ಮಲ್ಲಿಗೆ

"ಹಾಲಿಲ್ಲದ ಬಾಣಂತಿ ಅಳುವುದು ಸರಿ. ಹಾಲು ಹೆಚ್ಚಾದವಳೂ ಅಳಬೇಕಾ?"

ವೆರೊನಿಕಾ ಬಾಯಿ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗೆ ಇದ್ದದ್ದು ಮಲ್ಲಿಗೆ ಗಿಡಗಳ ಸಾಲು, ತಲೆಯ ಮೇಲೆ ಆಗತಾನೆ ಬೆಳ್ಳಗಾಗುತ್ತಿದ್ದ ಆಕಾಶ. ಬೆರಳುಗಳು ತಮ್ಮ ಪಾಡಿಗೆ ಮೊಗ್ಗು ಬಿಡಿಸುತ್ತಿದ್ದವು. ಕಿವಿ ಮಾತ್ರ ಮನೆಯ ಒಳಕೋಣೆಯಲ್ಲಿತ್ತು. ಅಲ್ಲಿ ಮಗಳು ತೆರೆಸಾ ನರಳುತ್ತಿದ್ದಳು, ಪಕ್ಕದಲ್ಲಿ ಮೊಮ್ಮಗಳು ಹಸಿದು ಅಳುತ್ತಿದ್ದಳು.

ಕಟಪಾಡಿಯಿಂದ ಶಿರ್ವದ ಕಡೆಗೆ ಹೋಗುವ ದಾರಿಯಲ್ಲಿ, ಶಂಕರಪುರದ ಒಂದು ಇಳಿಜಾರಿನಲ್ಲಿ ಅವರ ಮನೆ. ಆ ಊರಿನಲ್ಲಿ ಮಲ್ಲಿಗೆ ಬೆಳೆಯದ ಮನೆ ಹುಡುಕಿದರೆ ಸಿಕ್ಕೀತು ಅಷ್ಟೆ. ಬಿಸಿಲೇರುವುದರೊಳಗೆ ಮೊಗ್ಗು ಬಿಡಿಸಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಕಟ್ಟಿದ ಮಾಲೆಯನ್ನು ಚೆಂಡಾಗಿ ಸುತ್ತಬೇಕು, ಬಾಳೆಲೆಯಲ್ಲಿ ಮಡಚಿ ಕಟಪಾಡಿಗೆ ಮುಟ್ಟಿಸಬೇಕು. ಮುಟ್ಟಿಸುವ ಕೆಲಸ ಗಂಡ ಆಲ್ಫೋನ್ಸ್‌ರದು. ಅವರ ಸೈಕಲ್ಲಿಗಿಂತ ಮೊದಲು ಅವರ ಬುಟ್ಟಿಯ ಪರಿಮಳ ಪೇಟೆ ಸೇರುತ್ತದೆ ಎಂದು ಊರವರು ತಮಾಷೆ ಮಾಡುತ್ತಿದ್ದರು.

ಆ ಮನೆಗೆ ಒಂದು ಕಟ್ಟಳೆ ಇತ್ತು. ವೆರೊನಿಕಾ ಬಾಯಿ ಮದುವೆಯಾಗಿ ಬಂದ ಹೊಸದರಲ್ಲಿ ಅವರ ಅತ್ತೆ ಹೇಳಿಕೊಟ್ಟದ್ದು. ಹೂವು ಕೇಳಿಕೊಂಡು ಅಂಗಳಕ್ಕೆ ಬಂದವರಿಗೆ ಇಲ್ಲ ಎನ್ನಬಾರದು, ಯಾಕೆ ಎಂದು ಕೇಳಲೂಬಾರದು. ಮದುವೆಗೋ ಮರಣಕ್ಕೋ, ಇಗರ್ಜಿಗೋ ದೇವಸ್ಥಾನಕ್ಕೋ, ಅದು ಕೇಳಿದವರಿಗೂ ದೇವರಿಗೂ ಗೊತ್ತಿದ್ದರೆ ಸಾಕು, ಗಿಡಕ್ಕೆ ಬೇಡ, ಗಿಡದ ಯಜಮಾನಿಗೂ ಬೇಡ. ವೆರೊನಿಕಾ ಬಾಯಿ ಈ ಮಾತನ್ನು ದೇವರ ಹತ್ತು ಕಟ್ಟಳೆಗಳ ಮೇಲೆ ಹನ್ನೊಂದನೆಯದು ಎಂಬಷ್ಟು ಭಕ್ತಿಯಿಂದ ನಡೆಸಿಕೊಂಡು ಬಂದಿದ್ದರು.

ತೆರೆಸಾಳದು ಚೊಚ್ಚಲ ಹೆರಿಗೆ. ಗಂಡ ವ್ಯಾಲೆಂಟೈನ್ ಬಹರೈನಿನಲ್ಲಿ. ಹೆರಿಗೆ ಆದದ್ದು ಮಣಿಪಾಲದ ಆಸ್ಪತ್ರೆಯಲ್ಲಿ, ಕಷ್ಟವೇನೂ ಆಗಲಿಲ್ಲ. ಮಗು ಮಾತ್ರ ಸ್ವಲ್ಪ ಸಣ್ಣದು, ಎತ್ತಿಕೊಂಡರೆ ಹೂವಿನ ಪೊಟ್ಟಣ ಎತ್ತಿದ ಹಾಗೆ. "ತೂಕ ಏರಬೇಕು. ಅತ್ತಾಗಲೆಲ್ಲ ಹಾಲು ಕೊಡಿ" ಎಂದು ಅಲ್ಲಿಯ ನರ್ಸ್ ಹೇಳಿ ಕಳಿಸಿದ್ದಳು. ಮನೆಗೆ ಬಂದ ಮರುದಿನವೇ ಹಾಲು ಆಟಿ ತಿಂಗಳ ಮಳೆಗೆ ಉಕ್ಕಿದ ಹೊಳೆಯ ಹಾಗೆ ಒಮ್ಮೆಗೇ ನುಗ್ಗಿತು. ಎರಡೂ ಎದೆ ಬಿಗಿದು ಕಲ್ಲಾದವು, ಚರ್ಮ ಹೊಳೆಯತೊಡಗಿತು, ರವಿಕೆಯ ನೂಲು ತಾಗಿದರೂ ಉರಿ. ಮಗುವಿನ ಪುಟ್ಟ ಬಾಯಿಗೆ ಆ ಬಿಗಿತದಲ್ಲಿ ಹಿಡಿತವೇ ಸಿಗದು. ಹೊಳೆಯ ದಡದಲ್ಲಿ ಕೂತು ಬಾಯಾರಿದ ಹಾಗಾಯಿತು ಕೂಸಿನ ಪಾಡು.

ಬಾಣಂತಿಯ ಮನೆ ಎಂದ ಮೇಲೆ ಮದ್ದಿಗೇನು ಬರ? ಒಬ್ಬರು ಹರಳೆಲೆ ಬಾಡಿಸಿ ಕಟ್ಟು ಎಂದರು. ಇನ್ನೊಬ್ಬರು ಮರದ ಬಾಚಣಿಗೆಯಿಂದ ಮೇಲಿನಿಂದ ಕೆಳಕ್ಕೆ ಬಾಚು ಎಂದರು. ಬಾಚಲು ಹೋದಾಗ ತೆರೆಸಾ, "ನನಗೆ ಅಲ್ಲಿ ಕೂದಲು ಇಲ್ಲ" ಎಂದು ಕೂಗಿ ಬಾಚಣಿಗೆಯನ್ನು ಮೂಲೆಗೆ ಎಸೆದಳು. ದಿನಾ ಬೆಳಿಗ್ಗೆ ಹೂ ಕಟ್ಟಲು ಬರುವ ಪಕ್ಕದ ಮನೆಯ ನಳಿನಾಕ್ಷಿ ಮಾತ್ರ, "ಬಿಸಿನೀರಿನ ಬಟ್ಟೆ ಇಟ್ಟು ಸ್ವಲ್ಪ ಹಿಂಡಿ ತೆಗೆಯಿರಿ ಬಾಯಮ್ಮ, ಮತ್ತೆ ಮಗುವನ್ನು ಬಿಡಿ" ಎಂದಳು. ಅದು ತೀರಾ ಬಡ ಮದ್ದಾಗಿ ಕಂಡದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂದು ಮಧ್ಯಾಹ್ನ ಕಾರ್ಕಳದಿಂದ ಬೀಗಿತ್ತಿ ಜೆರ್ಟ್ರೂಡ್ ಬಾಯಿ ಬಂದಿಳಿದರು. ಉಡುಪಿಯಲ್ಲಿ ಒಮ್ಮೆ, ಕಟಪಾಡಿಯಲ್ಲಿ ಒಮ್ಮೆ ಬಸ್ಸು ಬದಲಿಸಿ ಬಂದರೂ ಸೀರೆಯ ನೆರಿಗೆ ಅಲುಗದ ಹೆಂಗಸು. ಒಂದು ಕೈಯಲ್ಲಿ ಮೊಮ್ಮಗಳಿಗೆ ಹೊಲಿದ ಅಂಗಿಗಳ ಕಟ್ಟು, ಇನ್ನೊಂದು ಕೈಯ ಚೀಲದಲ್ಲಿ ಉಡುಪಿ ಮಾರ್ಕೆಟಿನ ದಪ್ಪ ದಪ್ಪ ಕ್ಯಾಬೇಜು.

"ಜೆಜು ದೇವರೇ! ಬಾಣಂತಿಯ ಮನೆಗೆ ಕ್ಯಾಬೇಜು ತಂದಿದ್ದೀರಾ?" ವೆರೊನಿಕಾ ಬಾಯಿ ಹಣೆ ಮುಟ್ಟಿಕೊಂಡರು. "ವಾಯು ಅಲ್ವಾ ಅದು?"

"ತಿನ್ನಲಿಕ್ಕಲ್ಲ ಮಾರಾಯ್ತಿ, ಕಟ್ಟಲಿಕ್ಕೆ."

"ಎಂತ ಕಟ್ಟಲಿಕ್ಕೆ?"

"ಎದೆಗೆ. ನನ್ನ ಚಿಕ್ಕಮ್ಮನ ಮಗಳು ಕಾನ್ವೆಂಟಿನಲ್ಲಿ ಸಿಸ್ಟರ್ ಅಲ್ವಾ? ಅವಳಿಗೆ ಜರ್ಮನಿಯ ಒಬ್ಬರು ಮುದಿ ಸಿಸ್ಟರ್ ಹೇಳಿಕೊಟ್ಟದ್ದು. ತಣ್ಣಗಿನ ಎಲೆ, ದಂಟು ಜಜ್ಜಿ ಸುತ್ತಬೇಕು. ಬಾವು ಹೀರಿ ತೆಗೆಯುತ್ತದೆ."

ಜರ್ಮನಿಯ ಹೆಸರು ಬಂದಲ್ಲಿ ವೆರೊನಿಕಾ ಬಾಯಿಗೆ ಮೈ ಉರಿಯಿತು. ಮನೆಯ ಸುತ್ತ ಪರಿಮಳ ಸುರಿಯುತ್ತಿರುವಾಗ, ಮಗಳ ಮೈಗೆ ಪಲ್ಯದ ತರಕಾರಿ ಕಟ್ಟುವುದೆಂದರೇನು? "ನಮ್ಮಲ್ಲಿ ಇಂಥದ್ದಕ್ಕೆ ಮಲ್ಲಿಗೆ ಉಂಟು" ಎಂದರು.

"ಮಲ್ಲಿಗೆಯಾ? ಯಾರು ಹೇಳಿದರು?"

"ಹೇಳುವುದು ಎಂತ? ನಾನೇ ಕೊಟ್ಟಿದ್ದೇನೆ. ತುಂಬ ಹಿಂದೆ, ಕಾಪುವಿನಿಂದ ಒಬ್ಬರು ಅಜ್ಜಿ ಬೆಳಿಗ್ಗೆ ಬೆಳಿಗ್ಗೆ ಬರುತ್ತಿದ್ದರು. ಎದೆಯ ಬಾವಿಗೆ ಅಂತ ಹೂ ತಕ್ಕೊಂಡು ಹೋಗುತ್ತಿದ್ದರು. ಮತ್ತೆ ಒಂದು ದಿನ ಬಂದು ನನ್ನ ಕೈ ಹಿಡಿದುಕೊಂಡು, 'ನಿಮ್ಮ ಹೂವಿನಿಂದ ಬಾವು ಪೂರಾ ಇಳಿಯಿತು ಬಾಯಮ್ಮ' ಅಂದರು. ಅವರ ಕಣ್ಣಿನಲ್ಲಿ ನೀರಿತ್ತು. ಅಷ್ಟು ಗುಣ."

"ಹೂವು ತಲೆಗೆ ಮುಡಿಯುವುದು, ವೆರೊನಿಕಾ ಬಾಯಿ."

"ಕ್ಯಾಬೇಜು ಬಾಣಲೆಗೆ ಹಾಕುವುದು, ಜೆರ್ಟ್ರೂಡ್ ಬಾಯಿ."

ಒಳಗಿನಿಂದ ತೆರೆಸಾಳ ಸ್ವರ ಬಂತು. ಅಳುವಿನ ನಡುವೆಯೇ ಸಿಟ್ಟು. "ಎರಡು ಉಂಟಲ್ಲ! ಒಬ್ಬೊಬ್ಬರು ಒಂದೊಂದು ಇಟ್ಟುಕೊಳ್ಳಿ. ನನ್ನ ತಲೆ ತಿನ್ನಬೇಡಿ."

ಬೈಬಲ್ಲಿನ ಸೊಲೊಮೋನ ಅರಸನ ತೀರ್ಪಿನ ಹಾಗೆ ಇಬ್ಬರೂ ಅದನ್ನು ಒಪ್ಪಿಕೊಂಡರು. ಎಡಗಡೆ ಕಾರ್ಕಳಕ್ಕೆ, ಬಲಗಡೆ ಶಂಕರಪುರಕ್ಕೆ. ಜೆರ್ಟ್ರೂಡ್ ಬಾಯಿ ಬಾವಿಯ ನೀರಿನಲ್ಲಿ ಅದ್ದಿದ ಎಲೆಗಳನ್ನು ಮಣ್ಣಿನ ಮಡಕೆಯಲ್ಲಿ ತಣ್ಣಗೆ ಮುಚ್ಚಿಟ್ಟು ಒಂದೊಂದಾಗಿ ಸುತ್ತಿದರು. ವೆರೊನಿಕಾ ಬಾಯಿ ಒಳ್ಳೊಳ್ಳೆಯ ಮೊಗ್ಗು ಆರಿಸಿ, ಒತ್ತೊತ್ತಾಗಿ ಕಟ್ಟಿ, ಮಾಲೆಯನ್ನು ಸುರುಳಿ ಸುರುಳಿಯಾಗಿ ಬಲಗಡೆ ಕೂರಿಸಿ ಮೆತ್ತನೆಯ ಬಟ್ಟೆ ಬಿಗಿದರು. ಇಗರ್ಜಿಯ ಪೀಠ ಸಿಂಗರಿಸುವಾಗಲೂ ಅವರು ಅಷ್ಟು ಜತನ ಮಾಡಿದವರಲ್ಲ. ಆಲ್ಫೋನ್ಸ್ ಹೊಸ್ತಿಲಾಚೆ ನಿಂತು, "ಉಳಿದ ಕ್ಯಾಬೇಜಿಗೆ ಸ್ವಲ್ಪ ತೆಂಗಿನಕಾಯಿ ತುರಿದರೆ ಊಟಕ್ಕಾಗುತ್ತಿತ್ತು" ಎಂದದ್ದಕ್ಕೆ ಇಬ್ಬರು ಬೀಗಿತ್ತಿಯರೂ ಮೊದಲ ಬಾರಿಗೆ ಒಂದಾಗಿ ಅವರನ್ನು ಗದರಿ ಓಡಿಸಿದರು.

ಮರುದಿನ ಬೆಳಿಗ್ಗೆ ನೋಡಿದರೆ ಮಲ್ಲಿಗೆಯದೇ ಮೇಲುಗೈ. ಬಲಗಡೆ ಬಿಗಿ ಸಡಿಲಾಗಿತ್ತು, ಕೆಂಪು ಇಳಿದಿತ್ತು. ಎಡಗಡೆಯೂ ಹಗುರವಾಗಿತ್ತು ನಿಜ, ಆದರೆ ಇನ್ನೂ ತುಂಬಿಕೊಂಡೇ ಇತ್ತು. "ಬಲ ಅರಾಮ ಉಂಟು ಮಾಂಯ್" ಎಂದು ತೆರೆಸಾ ತಾಯಿಗೆ ಹೇಳಿದ್ದೇ ತಡ, ವೆರೊನಿಕಾ ಬಾಯಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂದು ಹೂವಿನ ಬುಟ್ಟಿಯನ್ನು ಗಂಡನಿಗೆ ಕೊಡದೆ ತಾವೇ ಬಸ್ಸು ಹತ್ತಿ ಕಟಪಾಡಿಗೆ ಹೋದರು. ಹೂವಿನ ಅಂಗಡಿಯ ಮುಂದೆ ನೆರೆದಿದ್ದ ಹೆಂಗಸರ ಎದುರು ಕಾರ್ಕಳದ ಕ್ಯಾಬೇಜಿನ ಕತೆಯನ್ನೂ ಶಂಕರಪುರದ ಮಲ್ಲಿಗೆಯ ಪವಾಡವನ್ನೂ ರಂಗುರಂಗಾಗಿ ಹೇಳಿದರು. ಕೇಳಿದವರು ನಕ್ಕರು, ಮೂಗಿನ ಮೇಲೆ ಬೆರಳಿಟ್ಟರು, ಕೇಳಿದ್ದನ್ನು ತಮ್ಮ ತಮ್ಮ ಊರಿಗೆ ಕಟ್ಟಿಕೊಂಡು ಹೋದರು.

ಆ ಬೆಳಿಗ್ಗೆ ನಡೆದ ಇನ್ನೊಂದು ಸಂಗತಿಯನ್ನು ಅವರು ಆಗ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಹೂ ಕಟ್ಟಲು ಬಂದ ನಳಿನಾಕ್ಷಿ ಮಗುವನ್ನು ನೋಡಲೆಂದು ಒಳಗೆ ಬಗ್ಗಿದಳು. ತೆರೆಸಾಳ ಎದೆಯ ಮೇಲಿನ ಮಾಲೆಯನ್ನು ಕಂಡಳು. ಏನೋ ಹೇಳಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡು, ಸೆರಗಿನಲ್ಲಿ ಕೈ ಒರೆಸುತ್ತ ಹೊರಟೇಹೋದಳು. ಅದರ ಮರುದಿನ ಹೂ ಕಟ್ಟಲು ಬರಲಿಲ್ಲ. ಮತ್ತೂ ಬರಲಿಲ್ಲ. 'ಮೈಗೆ ಹುಷಾರಿಲ್ಲವೋ ಏನೋ' ಎಂದುಕೊಂಡು ವೆರೊನಿಕಾ ಬಾಯಿ ತಾವೇ ಕಟ್ಟಿದರು.

ದಿನವೂ ಹೊಸ ಮಾಲೆ. ಮಾಲೆ ನಲುಗಬಾರದೆಂದು ಮಗುವನ್ನು ಹೆಚ್ಚಾಗಿ ಎಡಗಡೆಗೇ ಬಿಡುವುದಾಯಿತು. ಬಲಗಡೆಯ ಬಾವು ಪೂರಾ ಹೋಯಿತು, ಎದೆ ಹೂವಿನಷ್ಟೇ ಮೆತ್ತಗಾಯಿತು. "ಸೋತೆ ಮಾರಾಯ್ತಿ" ಎಂದು ಜೆರ್ಟ್ರೂಡ್ ಬಾಯಿ ಒಪ್ಪಿಕೊಳ್ಳುವ ಹಂತಕ್ಕೆ ಬಂದಿದ್ದರು. ಅಷ್ಟರಲ್ಲಿ, ಒಂದು ಸಂಜೆ, ತೆರೆಸಾ ಮಗುವನ್ನು ಬಲಕ್ಕೆ ಬಿಟ್ಟಾಗ ಮಗು ಎರಡು ಗುಟುಕು ಚೀಪಿ, ಬಾಯಿ ತೆಗೆದು, ಮುಖ ಕಿವುಚಿ ಕೂಗಿತು. ಮತ್ತೆ ಬಿಟ್ಟರೆ ಮತ್ತೆ ಕೂಗು. ಎಡಕ್ಕೆ ತಿರುಗಿಸಿದರೆ ಗಟಗಟ ಕುಡಿಯಿತು, ಆದರೆ ಅದೊಂದೇ ಕಡೆಯ ಹಾಲು ಸಾಲದೆ ಕೈ ಚೀಪತೊಡಗಿತು.

ತೆರೆಸಾ ಬಲಗಡೆ ಒತ್ತಿ ನೋಡಿದಳು. ಒಂದು ಹನಿ ಬಂತು, ಅಷ್ಟೆ.

"ಮಾಂಯ್, ಇಲ್ಲಿ ಹಾಲೇ ಇಲ್ಲ."

"ಅದು ಹೇಗೆ ಇಲ್ಲದೆ ಹೋಗುತ್ತದೆ? ಮೊನ್ನೆ ಹೊಳೆ ಹರಿಯುತ್ತಿತ್ತು!"

"ಬಾವಿನ ಒಟ್ಟಿಗೆ ಅದೂ ಹೋಯಿತು."

ಜೆರ್ಟ್ರೂಡ್ ಬಾಯಿ ಗೆದ್ದ ಮುಖ ಮಾಡಲಿಲ್ಲ. ಮೊಮ್ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟತೊಡಗಿದರು. ಆ ತಟ್ಟುವ ಸದ್ದು ವೆರೊನಿಕಾ ಬಾಯಿಗೆ ಬೈಗುಳಕ್ಕಿಂತ ಜೋರಾಗಿ ಕೇಳಿಸಿತು. ತೂಕ ಏರಬೇಕಾದ ಮಗು. ಅದರ ಅರ್ಧ ಅನ್ನವನ್ನು ತಾನೇ ಕಸಿದುಕೊಂಡೆನೇ? ಆದರೆ ಕಾಪುವಿನ ಆ ಅಜ್ಜಿ ಕೈ ಹಿಡಿದು ಹೇಳಿದ ಮಾತು ಸುಳ್ಳಾಗಲು ಸಾಧ್ಯವೇ?

ದೀಪ ಹಚ್ಚಿ ಎಲ್ಲರೂ ಸಂಜೆಯ ಪ್ರಾರ್ಥನೆ ತೇರ್ಸ್‌ಗೆ ಮೊಣಕಾಲೂರಿದರು. ಜಪಸರದ ಮಣಿಗಳು ಬೆರಳಿನಲ್ಲಿ ಸರಿದವು, ಮನಸ್ಸು ಸರಿಯಲಿಲ್ಲ. ಪ್ರಾರ್ಥನೆ ಮುಗಿಸಿ ವೆರೊನಿಕಾ ಬಾಯಿ ಎಂದಿನಂತೆ ಜಗಲಿಗೆ ಬಂದು, ನಾಳೆಯ ಹೂವಿಗೆ ಬಾಳೆನಾರು ಸೀಳುತ್ತ ಕೂತರು.

ಬೇಲಿಯಾಚೆ ನಳಿನಾಕ್ಷಿಯ ಮಾವ ದೇವದಾಸ ಮಾಸ್ಟ್ರು ಆಗಲೇ ಓದಲು ಕೂತಿದ್ದರು. ಶಾಲೆಯಿಂದ ನಿವೃತ್ತರಾದ ಮೇಲೆ ದಿನಾ ಸಂಜೆ ಪುರಾಣದ ಪದ್ಯಗಳನ್ನು ರಾಗವಾಗಿ ಓದುವುದು, ನಡುನಡುವೆ ಅರ್ಥ ಹೇಳುವುದು ಅವರ ವ್ರತ. ಕೇಳುವವರು ಅವರ ಮನೆಯವರು, ಮತ್ತು ಬೇಲಿಯ ಈಚೆ ವೆರೊನಿಕಾ ಬಾಯಿ. ಹಳಗನ್ನಡದ ಎಷ್ಟೋ ಶಬ್ದ ಅವರಿಗೆ ತಿಳಿಯುತ್ತಿರಲಿಲ್ಲ. ತಿಳಿಯಬೇಕೆಂದೂ ಇರಲಿಲ್ಲ. ಇಗರ್ಜಿಯಲ್ಲಿ ಲ್ಯಾಟಿನ್ ಇದ್ದ ಕಾಲದಲ್ಲಿ ಬೆಳೆದ ಕಿವಿ ಅದು. ಅರ್ಥ ಆಮೇಲೆ ಬಂದರೂ ಸರಿ, ರಾಗ ಮೊದಲು ಒಳಗೆ ಇಳಿಯಬೇಕು. ಯಾರ ದೇವರ ಕತೆಯಾದರೂ ಕೇಳುವಾಗ ಅವರು ಕಾಲು ಮಡಚಿಯೇ ಕೂರುವರು.

ಅಂದಿನ ಪದ್ಯದಲ್ಲಿ ಯುದ್ಧ ಮುಗಿದಿತ್ತು. ಒಬ್ಬ ತಾಯಿ ರಣಭೂಮಿಯಲ್ಲಿ ಮಗನನ್ನು ಹುಡುಕುತ್ತಿದ್ದಳು. ಮಾಸ್ಟ್ರು ರಾಗವನ್ನು ಇಳಿಸಿ ಅರ್ಥ ಹೇಳಿದರು: "ಮಗ ಬೆಳೆದು ದೊಡ್ಡವನಾಗಿದ್ದ. ಆದರೂ ಅವನ ಮೈ ಕಂಡ ಕೂಡಲೇ ಅವಳ ಎದೆಯಲ್ಲಿ ಹಾಲು ಉಕ್ಕಿತಂತೆ. ಕುಡಿಯುವವನು ಇಲ್ಲ. ಹಾಲಿಗೆ ಅದು ಗೊತ್ತಿಲ್ಲ."

ಬೇಲಿಯಾಚೆ, ಚಿಮಣಿ ದೀಪದ ಬೆಳಕಿನಲ್ಲಿ, ಅಕ್ಕಿ ಆರಿಸುತ್ತಿದ್ದ ನಳಿನಾಕ್ಷಿ ತಟ್ಟನೆ ಎದ್ದಳು. ಗೆರಸೆಯನ್ನು ಹಾಗೆಯೇ ಬಿಟ್ಟು ಒಳಗೆ ಹೋದಳು. ಮಾಸ್ಟ್ರು ಓದು ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಆ ಪದ್ಯವನ್ನು ಬಿಟ್ಟು ಮುಂದಿನದನ್ನು ಎತ್ತಿಕೊಂಡರು.

ವೆರೊನಿಕಾ ಬಾಯಿಯ ಕೈಯಲ್ಲಿ ನಾರು ನಿಂತಿತು. ನಳಿನಾಕ್ಷಿಯ ಚೊಚ್ಚಲ ಮಗು ಉಳಿಯಲಿಲ್ಲ ಎಂದು ಅವರಿಗೆ ಗೊತ್ತಿತ್ತು. ಎಲ್ಲೋ ತವರಿನಲ್ಲಿ ಹೆತ್ತದ್ದು, ಇಲ್ಲಿಗೆ ಸುದ್ದಿ ಮಾತ್ರ ಬಂದದ್ದು. ಆಮೇಲೆ ಎರಡು ಮಕ್ಕಳಾಗಿ ಅವು ದೊಡ್ಡವಾಗಿ, ಆ ಮಾತು ಮುಚ್ಚಿಹೋಗಿತ್ತು. ತವರು ಎಲ್ಲಿ? ಕಾಪು. ಆ ಅಜ್ಜಿಯ ಊರೂ ಅದೇ.

ಬೆಳಿಗ್ಗೆ ಮೊಗ್ಗು ಬಿಡಿಸುವ ಮೊದಲೇ ಅವರು ಬೇಲಿ ದಾಟಿ ಹೋದರು. ನಳಿನಾಕ್ಷಿ ಬಾವಿಕಟ್ಟೆಯಲ್ಲಿ ಕೊಡ ತೊಳೆಯುತ್ತಿದ್ದಳು.

"ನಳಿನಾಕ್ಷಿ, ನನ್ನ ಮೇಲೆ ಸಿಟ್ಟಾ?"

"ಅಯ್ಯೋ ಇಲ್ಲ ಬಾಯಮ್ಮ. ಸಿಟ್ಟು ಎಂತಕ್ಕೆ?"

"ಹಾಗಾದರೆ ಹೇಳು. ಮಲ್ಲಿಗೆ ಕಟ್ಟಿದರೆ ಎಂತ ಆಗುತ್ತದೆ?"

ನಳಿನಾಕ್ಷಿ ಕೊಡವನ್ನು ಕೆಳಗಿಟ್ಟಳು. "ಕಾಪುವಿನಿಂದ ಒಬ್ಬರು ಅಜ್ಜಿ ನಿಮ್ಮಲ್ಲಿ ಹೂ ಕೇಳಿಕೊಂಡು ಬರುತ್ತಿದ್ದರು, ನೆನಪು ಉಂಟಾ?"

"ಉಂಟು."

"ಅದು ನನ್ನ ಅಮ್ಮ. ಆಮೇಲೆ ಈ ಊರಿಗೆ ಅವರು ಬರಲೇ ಇಲ್ಲ, ನಿಮಗೆ ಗುರುತಾಗಲಿಲ್ಲ."

ವೆರೊನಿಕಾ ಬಾಯಿ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು.

"ಮಗು ಹೋದ ಮೇಲೂ ಹಾಲು ನಿಲ್ಲಲಿಲ್ಲ ಬಾಯಮ್ಮ. ಸೀರೆ ಎಲ್ಲ ಒದ್ದೆ. ಯಾರದ್ದಾದರೂ ಮಗು ಅತ್ತರೆ ಇನ್ನೂ ಹೆಚ್ಚು. ಹಾಲು ಬತ್ತಲಿ ಅಂತ ಮಲ್ಲಿಗೆ ಕಟ್ಟುವುದು ನಮ್ಮಲ್ಲಿ. ಬತ್ತಿತು. ಬಾವೂ ಇಳಿಯಿತು. ಅಮ್ಮ ನಿಮಗೆ ಬಾವು ಇಳಿದದ್ದು ಮಾತ್ರ ಹೇಳಿದರು. ಉಳಿದದ್ದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ನೀವೂ ಕೇಳಲಿಲ್ಲ."

"ಕೇಳಬಾರದು ಅಂತ ನಮ್ಮ ಅತ್ತೆ..." ಎಂದರು ವೆರೊನಿಕಾ ಬಾಯಿ.

"ಮೊನ್ನೆ ತೆರೆಸಾಳ ಎದೆಯಲ್ಲಿ ಮಾಲೆ ನೋಡಿದಾಗ ಹೇಳಬೇಕು ಅಂತ ಆಯಿತು. ಆದರೆ ಬಾಣಂತಿ ಕೋಣೆ, ಹಸುಗೂಸು ಮಲಗಿದೆ. ಅಲ್ಲಿ ನಿಂತು ಸತ್ತ ಮಗುವಿನ ಮಾತು ಹೇಗೆ ಎತ್ತಲಿ? ನಾಲಗೆ ತಿರುಗಲಿಲ್ಲ. ಹೇಳದೆ ನಿಮ್ಮ ಮುಖ ನೋಡಲಿಕ್ಕೂ ಆಗಲಿಲ್ಲ."

ವೆರೊನಿಕಾ ಬಾಯಿ ಅವಳ ಒದ್ದೆ ಕೈಯನ್ನು ಹಿಡಿದುಕೊಂಡರು. ಅಂದು ಆ ಅಜ್ಜಿ ತಮ್ಮ ಕೈ ಹಿಡಿದುಕೊಂಡ ಹಾಗೆಯೇ. "ಅದರ ಹೆಸರು ಎಂತ ಇಟ್ಟಿದ್ದೆ?"

ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ. ನಳಿನಾಕ್ಷಿ ಮೆಲ್ಲಗೆ ಹೇಳಿದಳು. ವೆರೊನಿಕಾ ಬಾಯಿ ಆ ಹೆಸರನ್ನು ಒಮ್ಮೆ ತುಟಿಯಲ್ಲೇ ಅಂದುಕೊಂಡು, ಹಣೆಗೆ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡರು. ಮನೆಗೆ ಬಂದವರೇ ತೆರೆಸಾಳ ಬಲಗಡೆಯ ಮಾಲೆಯನ್ನು ಬಿಚ್ಚಿ ಗಿಡದ ಬುಡಕ್ಕೆ ಹಾಕಿದರು.

ಅಂದೇ ಮಗುವಿನ ತೂಕ ನೋಡಿಸುವ ದಿನವೂ ಆಗಿತ್ತು. ಮಣಿಪಾಲಕ್ಕೆ ಎಲ್ಲರೂ ಹೊರಟರು. ಆಸ್ಪತ್ರೆಯಲ್ಲಿ ಹೆರಿಗೆಯ ಹೊತ್ತಿಗೆ ಇದ್ದ ನರ್ಸ್ ಝೀಟಾಳೇ ಸಿಕ್ಕಿದಳು. ಮಗುವನ್ನು ತಕ್ಕಡಿಯಲ್ಲಿ ಮಲಗಿಸಿ, "ಇಳಿದಿಲ್ಲ. ಏರಬೇಕಾದಷ್ಟು ಏರಲೂ ಇಲ್ಲ. ಎಂತ ಮಾಡಿದಿರಿ?" ಎಂದು ಕೇಳಿದಳು.

ವೆರೊನಿಕಾ ಬಾಯಿ ಪಾಪನಿವೇದನೆಗೆ ಮೊಣಕಾಲೂರಿದವರ ಹಾಗೆ ಎಲ್ಲವನ್ನೂ ಹೇಳಿದರು. ಝೀಟಾ ನಗಲಿಲ್ಲ, ಬೈಯಲಿಲ್ಲ.

"ಮಾಲೆ ಇದ್ದಾಗ ಮಗುವನ್ನು ಆ ಕಡೆ ಬಿಡುತ್ತಿದ್ದಿರಾ?"

"ಹೂವು ನಲುಗುತ್ತದೆ ಅಂತ... ಕಡಿಮೆ."

"ಮತ್ತೆ ಕ್ಯಾಬೇಜು ಕಡೆ?"

"ಅದು ದರಿದ್ರ ಎಲೆ," ಎಂದರು ಜೆರ್ಟ್ರೂಡ್ ಬಾಯಿ. "ಮೈಬಿಸಿಗೆ ಬೇಗ ಬಾಡುತ್ತದೆ. ಬಾಡಿದಾಗಲೆಲ್ಲ ತೆಗೆಯಬೇಕು. ತೆಗೆದ ಮೇಲೆ ಇನ್ನೊಂದು ಎಲೆ ಜಜ್ಜುವವರೆಗೆ ಸುಮ್ಮನೆ ಯಾಕೆ ಅಂತ ಮಗುವನ್ನು ಬಿಡುತ್ತಿದ್ದೆ."

ಈಗ ಝೀಟಾ ನಕ್ಕಳು. "ಹಾಗಾದರೆ ಗುಣ ಆದದ್ದು ಎಲೆಯಿಂದಲೋ, ಎಲೆ ಬಾಡಿದ್ದರಿಂದಲೋ?"

ಜೆರ್ಟ್ರೂಡ್ ಬಾಯಿ ಜರ್ಮನಿಯನ್ನು ಕರೆಯಹೋಗಿ, ಮಗುವಿನ ಅಂಗಿಯ ಗುಂಡಿ ಹಾಕತೊಡಗಿದರು.

"ಮಲ್ಲಿಗೆಗೆ ಹಾಲು ಬತ್ತಿಸುವ ಗುಣ ಉಂಟು ಅಂತ ನಾವೂ ಕೇಳಿದ್ದೇವೆ," ಎಂದಳು ಝೀಟಾ. "ಮಗು ಉಳಿಯದ ತಾಯಂದಿರು ಇಲ್ಲಿಯೂ ಕಟ್ಟಿಕೊಳ್ಳುತ್ತಾರೆ. ತೆರೆಸಾಗೆ ಹೂವಿನಿಂದಲೇ ಹೋಯಿತೋ, ಮಗು ಕುಡಿಯದ್ದರಿಂದ ಹೋಯಿತೋ, ನಾನು ಹೇಳಲಾರೆ. ಎರಡೂ ಸೇರಿರಬಹುದು. ಆದರೆ ಬಾಗಿಲು ಮುಚ್ಚಿಲ್ಲ. ಪ್ರತಿ ಸಲವೂ ಮೊದಲು ಬಲಕ್ಕೆ ಬಿಡಿ. ಬಾರದಿದ್ದರೂ ಬಿಡಿ. ಮೊದಲು ಬಿಸಿಬಟ್ಟೆ ಇಟ್ಟು ಮೆಲ್ಲಗೆ ತಡವಿ, ಕೈಯಿಂದ ಸ್ವಲ್ಪ ಹಿಂಡಿ. ಕೇಳುವವರು ಇದ್ದರೆ ಹಾಲು ಬರುತ್ತದೆ."

ಬಡ ಮದ್ದು. ನಳಿನಾಕ್ಷಿ ಮೊದಲ ದಿನವೇ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ವೆರೊನಿಕಾ ಬಾಯಿ ತಲೆ ತಗ್ಗಿಸಿ ನಕ್ಕರು.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಬೇರೆ ವ್ರತವೇ ಇರಲಿಲ್ಲ. ಮಗು ಕಣ್ಣು ಬಿಟ್ಟಿತೆಂದರೆ ಇಬ್ಬರು ಅಜ್ಜಿಯರೂ ಒಟ್ಟಿಗೆ, "ಮೊದಲು ಬಲಕ್ಕೆ!" ಬಿಸಿನೀರು ಕಾಯಿಸುವುದು ವೆರೊನಿಕಾ ಬಾಯಿ, ಬಟ್ಟೆ ಹಿಂಡುವುದು ಜೆರ್ಟ್ರೂಡ್ ಬಾಯಿ. ನಳಿನಾಕ್ಷಿ ಮತ್ತೆ ಹೂ ಕಟ್ಟಲು ಬಂದಳು. ಬಂದವಳು ಈಗ ಕೋಣೆಯೊಳಗೂ ಹೋಗಿ, ಮಗುವಿನ ಬಾಯಿ ಎಷ್ಟು ಅಗಲ ತೆರೆದಾಗ ಎದೆಗೆ ತಾಗಿಸಬೇಕೆಂದು ತೆರೆಸಾಳ ಪಕ್ಕದಲ್ಲಿ ಕೂತು ತೋರಿಸುತ್ತಿದ್ದಳು. ಮೊದಮೊದಲು ಮಗು ಬಲಗಡೆ ಬೈಯುತ್ತಿತ್ತು. ಆಮೇಲೆ ಗೊಣಗಿತು. ಆಮೇಲೆ ಒಂದು ಬೆಳಿಗ್ಗೆ ಅದು ಗೊಣಗದೆ ಕುಡಿಯತೊಡಗಿ, ಕುಡಿಯುತ್ತಲೇ ನಿದ್ದೆ ಹೋಗಿ, ತುಟಿಯ ಮೂಲೆಯಿಂದ ಹಾಲಿನ ಗೆರೆಯೊಂದು ಕುತ್ತಿಗೆಗೆ ಇಳಿಯಿತು. ತೆರೆಸಾ ಮಿಸುಕಲಿಲ್ಲ. ಕಣ್ಣಿನಲ್ಲೇ ತಾಯಿಯನ್ನು ಕರೆದು ತೋರಿಸಿದಳು.

ಜೆರ್ಟ್ರೂಡ್ ಬಾಯಿ ಮಗನಿಗೆ ಕಳಿಸಲೆಂದು, ಬಹರೈನಿನಿಂದ ಬಂದಿದ್ದ ಟೇಪ್‌ರೆಕಾರ್ಡರನ್ನು ಮಗುವಿನ ಬಾಯಿಯ ಹತ್ತಿರ ಹಿಡಿದರು. ಕ್ಯಾಸೆಟ್ಟಿನಲ್ಲಿ ಮೊದಲು ಮಗುವಿನ ಚಪ್ಪರಿಸುವ ಸದ್ದು, ಆಮೇಲೆ ದೊಡ್ಡ ತೇಗು, ಆಮೇಲೆ ಆಲ್ಫೋನ್ಸ್‌ರ ಸ್ವರ: "ವ್ಯಾಲೆಂಟೈನ್, ನಾವೆಲ್ಲ ಸೌಖ್ಯ. ಇಲ್ಲಿ ಎರಡು ವಾರದಿಂದ ಕ್ಯಾಬೇಜು ಪಲ್ಯವೇ." ಮುಂದಿನ ತೂಕದ ದಿನ ಝೀಟಾ ತಕ್ಕಡಿಯ ಮುಳ್ಳು ಏರಿದ್ದು ನೋಡಿ ಹುಬ್ಬೇರಿಸಿದಳು. ಮರುದಿನ ಜೆರ್ಟ್ರೂಡ್ ಬಾಯಿ ಕಾರ್ಕಳಕ್ಕೆ ಹೊರಟರು. ಅವರ ಮುಡಿಗೆ ವೆರೊನಿಕಾ ಬಾಯಿ ತಾವೇ ಮಲ್ಲಿಗೆ ಮುಡಿಸಿದರು. "ತಲೆಗೆ," ಎಂದರು. "ನೀವೇ ಹೇಳಿದ ಹಾಗೆ."

ಹೀಗೆ ಎಲ್ಲ ಸಸೂತ್ರವಾದ ಒಂದು ಬೆಳಿಗ್ಗೆ, ವೆರೊನಿಕಾ ಬಾಯಿ ಮತ್ತು ನಳಿನಾಕ್ಷಿ ಜಗಲಿಯಲ್ಲಿ ಹೂ ಕಟ್ಟುತ್ತ ಕೂತಿದ್ದಾಗ, ಅಂಗಳಕ್ಕೆ ಒಬ್ಬ ಹೆಂಗಸು ಬಂದಳು. ಹಣೆಯಲ್ಲಿ ದೊಡ್ಡ ಕುಂಕುಮ, ಕಂಕುಳಲ್ಲಿ ಬಾಳೆಲೆಯ ಸುರುಳಿ, ನಡೆದು ಬಂದ ಏದುಸಿರು.

"ನಮಸ್ಕಾರ ಬಾಯಮ್ಮ. ನಾನು ಉಚ್ಚಿಲದ ಕುಶಲಾ. ಮಹಾಲಕ್ಷ್ಮಿ ದೇವಸ್ಥಾನಕ್ಕೆ ಹೂ ಒಯ್ಯುವಾಗ ಕಟಪಾಡಿಯಲ್ಲಿ ನಿಮ್ಮನ್ನು ನೋಡಿದ್ದೇನೆ. ಸ್ವಲ್ಪ ಮಲ್ಲಿಗೆ ಬೇಕಿತ್ತು. ಒಳ್ಳೆ ಮೊಗ್ಗು, ಒತ್ತಾಗಿ ಕಟ್ಟಿದ್ದು."

ವೆರೊನಿಕಾ ಬಾಯಿಯ ಕೈ ಅಭ್ಯಾಸಬಲದಿಂದ ಚೆಂಡಿನ ಮೇಲೆ ಹೋಯಿತು. ಎತ್ತಿಯೂ ಎತ್ತಿದರು. ಕೈ ಅಲ್ಲಿಯೇ ನಿಂತಿತು. ಆ ಅಂಗಳದಲ್ಲಿ ಎರಡು ತಲೆಮಾರಿನಿಂದ ಯಾರೂ ಕೇಳದಿದ್ದ ಮಾತನ್ನು ಅವರು ಕೇಳಿದರು.

"ಯಾಕೆ?"

ನಳಿನಾಕ್ಷಿ ನಾರಿನಿಂದ ತಲೆ ಎತ್ತಿದಳು. ಕುಶಲಾ ಕಕ್ಕಾಬಿಕ್ಕಿಯಾದಳು. "ಯಾಕೆ ಅಂದರೆ... ನನ್ನ ಸೊಸೆ ಹೆತ್ತಿದ್ದಾಳೆ ಬಾಯಮ್ಮ. ಗಂಡು ಮಗು. ಹಾಲು ಕಟ್ಟಿ ಎದೆ ಕಲ್ಲಾಗಿದೆ, ರಾತ್ರಿಯಿಡೀ ಬೊಬ್ಬೆ. ನೀವು ಹೂವಿನಂಗಡಿಯಲ್ಲಿ ಹೇಳಿದಿರಂತಲ್ಲ, ಮಲ್ಲಿಗೆ ಕಟ್ಟಿದರೆ ಒಂದೇ ದಿನದಲ್ಲಿ ಇಳಿಯುತ್ತದೆ ಅಂತ? ಉಚ್ಚಿಲದಲ್ಲಿ ಎಲ್ಲರ ಬಾಯಲ್ಲೂ ಅದೇ."

ವೆರೊನಿಕಾ ಬಾಯಿಗೆ ಕಟಪಾಡಿಯ ಆ ಬೆಳಗು ನೆನಪಾಗಿ ಕಿವಿ ಬಿಸಿಯಾಯಿತು. "ಕೂತುಕೊಳ್ಳಿ ಕುಶಲಕ್ಕ," ಎಂದು ನೀರು ತರಿಸಿದರು. "ಬಾವು ಇಳಿಯುತ್ತದೆ, ನಾನು ಹೇಳಿದ್ದು ಸುಳ್ಳಲ್ಲ. ಅದರ ಒಟ್ಟಿಗೆ ಹಾಲೂ ಹೋಗುತ್ತದೆ. ಅದು ಆಗ ನನಗೆ ಗೊತ್ತಿರಲಿಲ್ಲ. ನನ್ನ ಮೊಮ್ಮಗಳು ಅದಕ್ಕೆ ಅತ್ತದ್ದು ಸಾಕು." ಬಿಸಿಬಟ್ಟೆ, ಮೆಲ್ಲಗೆ ಹಿಂಡುವುದು, ಮಗುವನ್ನು ಬಿಡುತ್ತಲೇ ಇರುವುದು, ಎಲ್ಲವನ್ನೂ ವಿವರಿಸಿದರು. ಬೇಕಿದ್ದರೆ ಮಧ್ಯೆ ತ್ರಾಸ ಕಳೆಯಲು ತಣ್ಣಗಿನ ಕ್ಯಾಬೇಜು ಎಲೆಯಾದರೂ ಇಡಿ, ಬಾಡಿದ ಕೂಡಲೇ ತೆಗೆಯಿರಿ, ತೆಗೆದ ಕೂಡಲೇ ಮಗುವನ್ನು ಬಿಡಿ ಎಂದರು. ಜ್ವರ ಬಂದರೆ ಮಾತ್ರ ಕಾಯಬೇಡಿ, ಮಣಿಪಾಲಕ್ಕೆ ಹೋಗಿ ಎಂದೂ ಸೇರಿಸಿದರು. ನಳಿನಾಕ್ಷಿ ನಡುನಡುವೆ ತಲೆಯಾಡಿಸಿದಳು.

ಕುಶಲಾ ಕೇಳಿದಳು, ಆದರೆ ಅವಳ ಕಣ್ಣು ಚೆಂಡಿನ ಮೇಲೆಯೇ ಇತ್ತು. ಅಷ್ಟು ದೂರದಿಂದ ಬಂದು ಬಿಸಿನೀರಿನ ಮಾತು ಕಟ್ಟಿಕೊಂಡು ಹೋಗುವುದು ಹೇಗೆ? "ಅದೆಲ್ಲ ಮಾಡುತ್ತೇವೆ ಬಾಯಮ್ಮ. ಆದರೆ ಆ ಹುಡುಗಿಯ ಬೊಬ್ಬೆ ಕೇಳಲಿಕ್ಕಾಗುವುದಿಲ್ಲ. ಒಂದೇ ದಿನಕ್ಕೆ. ಒಂದೇ ಕಡೆಗೆ. ನಿಮ್ಮ ಅಂಗಳದಿಂದ ಯಾರೂ ಬರಿಗೈಯಲ್ಲಿ ಹೋದದ್ದಿಲ್ಲ ಅಂತ ಊರೇ ಹೇಳುತ್ತದೆ. ದೇವರಿಗೆ ಅಂತ ತಿಳಿದು ಒಂದು ಚೆಂಡು ಕೊಡಿ."

ಒಳಗೆ ಮಗು ಎಚ್ಚರವಾಗಿ ಸಣ್ಣಗೆ ಕೊರಗಿತು. "ಮೊದಲು ಬಲಕ್ಕೆ, ಗೊತ್ತುಂಟು" ಎಂದು ತೆರೆಸಾ ತನಗೆ ತಾನೇ ಹೇಳಿಕೊಂಡದ್ದು ಕೇಳಿಸಿತು. ಮತ್ತೆ ಕೊರಗು ನಿಂತಿತು.

ವೆರೊನಿಕಾ ಬಾಯಿ ಕೈಯಲ್ಲಿದ್ದ ಚೆಂಡನ್ನು ಬುಟ್ಟಿಗೆ ಹಾಕಿ, ಮೇಲೆ ಒದ್ದೆ ಬಾಳೆಲೆ ಮುಚ್ಚಿದರು.

"ದೇವರಿಗೆ ಬುಟ್ಟಿಯನ್ನೇ ಕೊಡುತ್ತೇನೆ, ಈಗಲೇ ತಕ್ಕೊಂಡು ಹೋಗಿ. ನಿಮ್ಮ ಸೊಸೆಯ ಎದೆಗೆ ಒಂದು ಮೊಗ್ಗೂ ಕೊಡುವುದಿಲ್ಲ."